ಕರ್ತವ್ಯವೋ ಕುಟುಂಬವೋ: ವಿಪತ್ಕಾಲದ ಸೇವಕರನ್ನು ಕುರಿತು ಒಂದು ವಿಚಾರ

ಊರಿಗೆ ವಿಪತ್ತು ಬಂದೊದಗಿದಾಗ ಜನರೆಲ್ಲರೂ ತಮ್ಮ ತಮ್ಮ ಮನೆಗಳ ಕಡೆಗೆ ಧಾವಿಸುವರು. ಅದೇ ವೇಳೆಯಲ್ಲಿ ವೈದ್ಯರು, ದಾದಿಯರು, ಬೆಂಕಿ ಆರಿಸುವ ದಳದವರು, ಪೊಲೀಸಿನವರು, ಬೀದಿಯನ್ನು ಶುಚಿಮಾಡುವ ಪೌರಕಾರ್ಮಿಕರು ಮನೆಯನ್ನು ಬಿಟ್ಟು ಹೊರಡತಕ್ಕದ್ದೆಂದು ನಾವು ನಿರೀಕ್ಷಿಸುತ್ತೇವೆ. ಅವರಿಗೂ ಮನೆಯುಂಟು, ಮಕ್ಕಳುಂಟು, ಹಾಸಿಗೆ ಹಿಡಿದ ವೃದ್ಧರುಂಟು. ಹೀಗಿರಲಾಗಿ ನಮ್ಮ ನಿರೀಕ್ಷೆಯು ನ್ಯಾಯವಾದುದೇ? ನ್ಯಾಯವಾದರೆ ಎಷ್ಟರಮಟ್ಟಿಗೆ? ನಮ್ಮ ಶಾಲೆಯಿಂದ ಹೊರಟ ಹೆಣ್ಣುಮಕ್ಕಳಲ್ಲಿ ಶುಶ್ರೂಷೆಯ ವೃತ್ತಿಯನ್ನು ಕೈಕೊಂಡವರು ಬಹುಮಂದಿ. ಆದಕಾರಣ ಈ ಪ್ರಶ್ನೆಯು ನಮಗೆ ಕೇವಲ ಚರ್ಚಾಕೂಟದ ವಿಷಯವಲ್ಲ.

ದೂರದ ಉದಾಹರಣೆಗಳಿಗೆ ಹೋಗುವುದಕ್ಕೆ ಮುಂಚೆ ನಮ್ಮ ಊರಿನ ಕಥೆಯನ್ನೇ ನೋಡೋಣ. ೧೮೯೮ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರಿಗೆ ಬಂದಿತು. ಸ್ವಲ್ಪ ಕಾಲದಲ್ಲಿಯೇ ಪೇಟೆಯನ್ನೂ ದಂಡನ್ನೂ ವ್ಯಾಪಿಸಿತು. ಈಗ ನಾವು ಶಿವಾಜಿನಗರವೆಂದು ಕರೆಯುವ ಬ್ಲಾಕ್‌ಪಲ್ಲಿಯಲ್ಲಿಯೂ ಹಲಸೂರಿನಲ್ಲಿಯೂ ಮನೆಗೆ ಮನೆ ಒತ್ತಿಕೊಂಡಿದ್ದ ಗಲ್ಲಿಗಳಿದ್ದವು. ಇಲಿಗಳಿಗೆ ಇದಕ್ಕಿಂತ ಅನುಕೂಲವಾದ ನೆಲೆ ಬೇರೆ ಬೇಕಿರಲಿಲ್ಲ. ಮೈಸೂರು ಸರ್ಕಾರದವರು ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಿದರು. ರೋಗಿಗಳನ್ನು ಬೇರ್ಪಡಿಸುವುದು, ಅವರ ಮನೆಯವರನ್ನು ಊರಹೊರಗಿನ ಕ್ಯಾಂಪುಗಳಿಗೆ ಸಾಗಿಸುವುದು, ಮನೆಗಳನ್ನು ತೆರವುಮಾಡಿಸಿ ಔಷಧಿ ಹೊಡೆಯಿಸುವುದು, ಇವೇ ಅಂದಿನ ಉಪಾಯಗಳು. ಜನರು ಇವಕ್ಕೆ ಹೆದರಿ ರೋಗಿಗಳನ್ನು ಅಡಗಿಸಿಟ್ಟರು. ತಂದೆಯನ್ನು ಒಂದು ಕಡೆಗೂ ತಾಯಿಯನ್ನು ಮತ್ತೊಂದು ಕಡೆಗೂ ಕೊಂಡೊಯ್ಯುವ ಅಧಿಕಾರಿಯು ಜನರ ಕಣ್ಣಿಗೆ ಉಪಕಾರಿಯಾಗಿ ಕಾಣಲಿಲ್ಲವೆಂಬುದರಲ್ಲಿ ಆಶ್ಚರ್ಯವೇನಿದೆ?

ಆ ಪ್ಲೇಗಿನ ಕಾಲದಲ್ಲಿ ಬೆಂಗಳೂರಿನಲ್ಲಿ ದುಡಿದ ವೈದ್ಯರಲ್ಲಿ ಡಾಕ್ಟರ್ ಪಲ್ಪು ಎಂಬವರೊಬ್ಬರು. ಇವರು ತಿರುವನಂತಪುರದವರು, ಮದ್ರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತವರು. ಈಳವ ಜಾತಿಯಲ್ಲಿ ಹುಟ್ಟಿದರೆಂಬ ಒಂದೇ ಕಾರಣದಿಂದ ಸ್ವಂತ ಸಂಸ್ಥಾನವಾದ ತಿರುವಾಂಕೂರಿನಲ್ಲಿ ಇವರಿಗೆ ಉದ್ಯೋಗ ದೊರೆಯದೆ ಹೋಯಿತು. ಮೈಸೂರು ಸಂಸ್ಥಾನವು ಕೊಟ್ಟಿತು. ತಮ್ಮನ್ನು ಹೊರಗಿಟ್ಟ ಊರನ್ನು ಬಿಟ್ಟು ಬಂದ ಮನುಷ್ಯನು ಪರರ ಊರಿನ ಪ್ಲೇಗಿಗೆ ಎದುರಾಗಿ ನಿಂತನು. ಇವರ ಒಬ್ಬ ಮಗನು, ಮುಂದೆ ನಟರಾಜಗುರು ಎಂದು ಪ್ರಸಿದ್ಧನಾದವನು, ೧೮೯೫ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವನು. ಎಂದರೆ ಪ್ಲೇಗು ಬಂದಾಗ ಆ ಕೂಸಿಗೆ ಮೂರು ವರ್ಷ. ಇಂಥ ಚರಿತ್ರೆಗಳನ್ನು ಮಕ್ಕಳಿಗೆ ಹೇಳುವಾಗ ನಾವು ವೈದ್ಯನ ಹೆಸರನ್ನು ಹೇಳಿ ತೃಪ್ತರಾಗುತ್ತೇವೆ. ಆತನು ರೋಗಿಗಳ ನಡುವೆ ಇದ್ದಷ್ಟು ಕಾಲವೂ ಮೂರು ವರ್ಷದ ಮಗುವಿಗೆ ಉಣಿಸಿ ಮಲಗಿಸಿದವರು ಒಬ್ಬರಿದ್ದರಷ್ಟೆ? ಆ ಸೇವೆಯೂ ಪ್ಲೇಗಿನ ಸೇವೆಯೇ.

ಇನ್ನೊಂದು ಸಂಗತಿ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿದ್ವಾಂಸನು ೧೮೯೪ರಲ್ಲಿ ಕಂಡುಹಿಡಿದನು. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹರಡುತ್ತದೆಂಬುದನ್ನು ಸಿಮೊಂಡ್ ಎಂಬವನು ಬೆಂಗಳೂರಿಗೆ ಪ್ಲೇಗು ಬಂದ ೧೮೯೮ರಲ್ಲಿಯೇ ತೋರಿಸಿದನಾದರೂ ಲೋಕವು ಅದನ್ನು ನಂಬುವುದಕ್ಕೆ ವರ್ಷಗಳು ಹಿಡಿದವು. ಆದುದರಿಂದ ಅಂದು ದುಡಿದವರಿಗೆ ತಾವು ಸಂಜೆ ಮನೆಗೆ ಏನನ್ನು ಹೊತ್ತುಕೊಂಡು ಹೋಗುತ್ತೇವೆಂಬುದು ತಿಳಿದಿರಲಿಲ್ಲ. ೨೦೨೦ರಲ್ಲಿ ಕೋವಿಡ್ ಬಂದಾಗ ಬೌರಿಂಗ್ ಆಸ್ಪತ್ರೆಯಲ್ಲಿಯೂ ವಿಕ್ಟೋರಿಯಾ ಆಸ್ಪತ್ರೆಯಲ್ಲಿಯೂ ದುಡಿದವರಿಗೆ ಅದು ಚೆನ್ನಾಗಿ ತಿಳಿದಿತ್ತು. ಇಲ್ಲಿಯೇ ನಮ್ಮ ಪ್ರಶ್ನೆಯು ಕಠಿಣವಾಗುವುದು. ಬೆಂಕಿ ಆರಿಸುವವನು ತನ್ನ ಪ್ರಾಣವನ್ನು ಮಾತ್ರ ಅಪಾಯಕ್ಕೆ ಒಡ್ಡುತ್ತಾನೆ. ಬೆಂಕಿಯು ಅವನ ಅಂಗಿಯನ್ನು ಹಿಡಿದು ಮನೆಗೆ ಬರುವುದಿಲ್ಲ. ಸಾಂಕ್ರಾಮಿಕ ರೋಗದಲ್ಲಿ ದುಡಿಯುವವಳಾದರೋ, ಒಪ್ಪಿಗೆಯನ್ನೇ ಕೊಡದ ಹಸುಗೂಸನ್ನೂ ಅಪಾಯಕ್ಕೆ ಒಡ್ಡುತ್ತಾಳೆ. ತನ್ನ ಪ್ರಾಣವನ್ನು ಕೊಡಲು ಒಬ್ಬರಿಗೆ ಅಧಿಕಾರವುಂಟು. ಮಗುವಿನದನ್ನು ಕೊಡಲು ಇಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯಾದ ದಾದಿಯೊಬ್ಬಳು ಆ ವರ್ಷ ತನ್ನ ಮಗುವನ್ನು ಕೃಷ್ಣರಾಜಪುರದಲ್ಲಿರುವ ತಾಯಿಯ ಮನೆಯಲ್ಲಿ ಬಿಟ್ಟು, ಬಿಡುವು ಸಿಕ್ಕಾಗ ಗೇಟಿನ ಆಚೆಯೇ ನಿಂತು ನೋಡಿ ಹಿಂತಿರುಗುತ್ತಿದ್ದಳು. ಮೂರನೆಯ ಸಲ ಮಗು ಅಳಲಿಲ್ಲವಂತೆ. ಅದೇ ತನಗೆ ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸಿತೆಂದು ಆಕೆ ನನಗೆ ಹೇಳಿದಳು.

ಹತ್ತನೆಯ ತರಗತಿಯ ನೀತಿಪಾಠದಲ್ಲಿ ಈ ಪ್ರಶ್ನೆಯನ್ನು ನಾನು ಹುಡುಗಿಯರ ಮುಂದಿಟ್ಟಿದ್ದುಂಟು. ಅವರು ಸಾಮಾನ್ಯವಾಗಿ ಕರ್ತವ್ಯದ ಪಕ್ಷವನ್ನೇ ಹಿಡಿಯುವರು. ಆ ವಯಸ್ಸೇ ಹಾಗೆ. ಒಮ್ಮೆ ಮಾತ್ರ ೧೦೮ ಆಂಬುಲೆನ್ಸ್ ಓಡಿಸುವವನ ಮಗಳೊಬ್ಬಳು ಎದ್ದು, "ಅಪ್ಪ ಹೋಗಲೇಬೇಕು ಮಿಸ್, ಹೋಗದಿದ್ದರೆ ಬೇರೆ ಯಾರದೋ ಅಪ್ಪ ಸತ್ತುಹೋಗುತ್ತಾರೆ. ಆದರೆ ಅವರು ಬರುವ ತನಕ ನಮ್ಮ ಮನೆಯಲ್ಲಿ ಯಾರಿರುತ್ತಾರೆ?" ಎಂದು ಕೇಳಿದಳು. ಸರಿಯಾದ ಪ್ರಶ್ನೆಯು ಅದೇ ಎಂದು ನನ್ನ ಅಭಿಪ್ರಾಯ. ಹೋಗಬೇಕೋ ಬೇಡವೋ ಎಂಬುದಕ್ಕಿಂತ, ಹೋದವರ ಸ್ಥಳದಲ್ಲಿ ಯಾರು ನಿಲ್ಲಬೇಕು ಎಂಬುದೇ ಮುಖ್ಯವಾದುದು.

ಕಾನೂನು ಏನು ಹೇಳುತ್ತದೆ? ೨೦೦೫ನೆಯ ವಿಪತ್ತು ನಿರ್ವಹಣಾ ಕಾಯಿದೆಯ ೫೬ನೆಯ ಕಲಮಿನ ಮೇರೆಗೆ, ಆ ಕಾಯಿದೆಯಿಂದ ಕರ್ತವ್ಯವನ್ನು ವಹಿಸಲ್ಪಟ್ಟ ಅಧಿಕಾರಿಯು ಕೆಲಸವನ್ನು ನಿರಾಕರಿಸಿದರೆ ಅಥವಾ ಬಿಟ್ಟುಹೋದರೆ ಒಂದು ವರ್ಷದವರೆಗೆ ಸೆರೆವಾಸವನ್ನಾಗಲಿ ಜುಲ್ಮಾನೆಯನ್ನಾಗಲಿ ವಿಧಿಸಬಹುದು. ಆದರೆ ಮೇಲಧಿಕಾರಿಯ ಲಿಖಿತ ಅನುಮತಿ ಇದ್ದರೆ, ಇಲ್ಲವೆ ನ್ಯಾಯಸಮ್ಮತವಾದ ಬೇರೆ ಕಾರಣವಿದ್ದರೆ, ಶಿಕ್ಷೆಯಿಲ್ಲ. ಜ್ವರದಿಂದ ಮಲಗಿರುವ ಮಗುವು ನ್ಯಾಯಸಮ್ಮತವಾದ ಕಾರಣವೇ? ಆ ಕಲಮು ಅದನ್ನು ಬಿಡಿಸಿ ಹೇಳುವುದಿಲ್ಲ. ಆದರೂ ಎರಡು ಮಾತುಗಳು ಅದರೊಳಗೆ ಅಡಗಿವೆ: ತೊರೆದು ಓಡುವುದು ಒಂದು, ಕೇಳಿ ಹೋಗುವುದು ಮತ್ತೊಂದು. ಹೇಳದೆ ಹೋದವನ ಸ್ಥಾನವು ಬರಿದಾಗಿರುತ್ತದೆ, ಮತ್ತು ಅದು ಬರಿದಾಗಿದೆಯೆಂಬುದು ಯಾರಿಗೂ ತಿಳಿದಿರುವುದಿಲ್ಲ. ಹೇಳಿ ಹೋದವನ ಸ್ಥಾನಕ್ಕೆ ಇನ್ನೊಬ್ಬನನ್ನು ಕಳುಹಿಸಬಹುದು.

ಅಮೇರಿಕಾ ದೇಶದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ೨೦೦೫ರ ಆಗಸ್ಟ್ ಕೊನೆಯಲ್ಲಿ ಕತ್ರಿನಾ ಎಂಬ ಚಂಡಮಾರುತವು ಒಡ್ಡುಗಳನ್ನು ಒಡೆದು ಊರನ್ನು ಮುಳುಗಿಸಿದಾಗ ಈ ಭೇದವು ಸ್ಪಷ್ಟವಾಗಿ ಕಂಡುಬಂದಿತು. ಅಲ್ಲಿನ ಪೊಲೀಸರಲ್ಲಿ ಅನೇಕರು ತಮ್ಮ ಮನೆಗಳೇ ಮುಳುಗಿರಲು ಕೆಲಸದಲ್ಲಿ ನಿಂತರು. ಕೆಲವರು ಸ್ಥಾನವನ್ನು ಬಿಟ್ಟುಹೋದರು. ಬಿಟ್ಟುಹೋದವರಲ್ಲಿ ೫೧ ಮಂದಿಯನ್ನು ಇಲಾಖೆಯು ಕೆಲಸದಿಂದ ತೆಗೆದುಹಾಕಿತು. ನಾನು ಆ ಶಿಕ್ಷೆಯನ್ನು ಅನ್ಯಾಯವೆನ್ನಲಾರೆನು. ಆದರೆ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಊರಿನಲ್ಲಿ, ಪೊಲೀಸಿನವರ ಹೆಂಡಿರು ಮಕ್ಕಳನ್ನು ಮೊದಲೇ ಸುರಕ್ಷಿತ ಸ್ಥಳಕ್ಕೆ ಸಾಗಿಸುವ ಏರ್ಪಾಡನ್ನು ಮಾಡುವುದು ಯಾರ ಕರ್ತವ್ಯವಾಗಿತ್ತು ಎಂದೂ ಕೇಳಬೇಕಾಗುತ್ತದೆ.

ಕರುಣೆಯುಳ್ಳ ಸಮಾರ್ಯದವನ ಸಾಮ್ಯವನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಆತನು ಎತ್ತಿದನೆಂಬುದನ್ನು ನಾವು ಯಾವಾಗಲೂ ಹೇಳುತ್ತೇವೆ. ಆತನು ಮರುದಿನ ಸತ್ರದವನ ಕೈಗೆ ಹಣವನ್ನು ಕೊಟ್ಟು, ಹೆಚ್ಚು ಖರ್ಚಾದರೆ ಹಿಂತಿರುಗಿ ಬರುವಾಗ ತೀರಿಸುವೆನೆಂದು ಹೇಳಿ, ತನ್ನ ಪ್ರಯಾಣವನ್ನು ಮುಂದುವರಿಸಿದನೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಆತನು ಬಿಟ್ಟುಹೋದನು, ಆದರೆ ಬರಿದಾಗಿ ಬಿಟ್ಟುಹೋಗಲಿಲ್ಲ.

ಇನ್ನು ಕೇರಳದ ಲಿನಿ ಪುತ್ತುಶ್ಶೇರಿಯ ವಿಷಯ. ಈಕೆಯು ಕೋಳಿಕ್ಕೋಡು ಜಿಲ್ಲೆಯ ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ದಾದಿ. ೨೦೧೮ರ ಮೇ ತಿಂಗಳಲ್ಲಿ ನಿಪಾ ರೋಗಿಯ ಶುಶ್ರೂಷೆಯನ್ನು ಮಾಡಿ, ಆ ರೋಗವು ತನಗೂ ಅಂಟಿ, ೨೧ನೆಯ ತಾರೀಖು ತೀರಿಹೋದಳು. ಇಬ್ಬರು ಚಿಕ್ಕ ಗಂಡುಮಕ್ಕಳಿದ್ದರು. ಗಂಡನು ಬಹರೈನಿನಲ್ಲಿ ಉದ್ಯೋಗದಲ್ಲಿದ್ದನು. ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದು ಆಕೆಯು ಗಂಡನಿಗೆ ಬರೆದಿಟ್ಟ ಚೀಟಿಯನ್ನು ದೇಶವೆಲ್ಲ ಓದಿತು. ಇದನ್ನು ಕರ್ತವ್ಯಕ್ಕಾಗಿ ಕುಟುಂಬವನ್ನು ತ್ಯಜಿಸಿದುದಕ್ಕೆ ನಿದರ್ಶನವಾಗಿ ಹಲವರು ಹೇಳುವರು. ನನಗೆ ಹಾಗೆ ತೋರುವುದಿಲ್ಲ. ಆಕೆಯು ಶುಶ್ರೂಷೆ ಮಾಡಿದಾಗ ರೋಗವು ಯಾವುದೆಂದೇ ಗೊತ್ತಾಗಿರಲಿಲ್ಲ. ಆಕೆಯ ಮುಂದೆ ಎರಡು ದಾರಿಗಳನ್ನು ಇಟ್ಟು ಒಂದನ್ನು ಆರಿಸೆಂದು ಯಾರೂ ಕೇಳಲಿಲ್ಲ. ದಿನದ ಕೆಲಸವನ್ನು ದಿನದಂತೆ ಮಾಡಿದಳು. ಕೊನೆಯ ಚೀಟಿಯು ಮಕ್ಕಳನ್ನು ಕುರಿತದ್ದು. ತರುವಾಯ ಕೇರಳ ಸರ್ಕಾರದವರು ಆಕೆಯ ಗಂಡನಿಗೆ ಆರೋಗ್ಯ ಇಲಾಖೆಯಲ್ಲಿ ಕೆಲಸವನ್ನು ಕೊಟ್ಟರು. ಹೊಗಳಿಕೆಗಿಂತ ಇದು ಮೇಲು.

ನಾನು ಹೀಗೆ ಹೇಳುವುದರಿಂದ ದಾದಿಯು ಮನೆಗೆ ಹೋಗಿಬಿಡಬಹುದೆಂದು ಅರ್ಥವಲ್ಲ. ತರಬೇತನ್ನು ಹೊಂದಿ ಮಾತು ಕೊಟ್ಟವರ ಮೇಲೆ ಇತರರಿಗಿಲ್ಲದ ಒಂದು ಭಾರ ಇದ್ದೇ ಇದೆ. ಉಸಿರಾಟದ ಯಂತ್ರವನ್ನು ನಡೆಸಬಲ್ಲವರು ಊರಿನಲ್ಲಿ ಕೆಲವರೇ. ಮಗುವಿಗೆ ಗಂಜಿ ಕುಡಿಸಬಲ್ಲವರು ಅನೇಕರು. ಎಲ್ಲಿ ತನ್ನ ಬದಲಿಗೆ ಇನ್ನೊಬ್ಬರು ದೊರೆಯರೋ ಅಲ್ಲಿ ನಿಲ್ಲಬೇಕು. ಇದೇ ಅಳತೆಯಿಂದ, ಮೊಲೆಯುಣ್ಣುವ ಕೂಸಿಗೆ ತಾಯಿಯ ಬದಲು ಬೇರೊಬ್ಬರು ಇಲ್ಲವಾದಾಗ, ಆಕೆಯನ್ನು ಸಾಂಕ್ರಾಮಿಕ ವಾರ್ಡಿಗೆ ಹಾಕತಕ್ಕದ್ದಲ್ಲ. ಅದನ್ನು ಆಕೆ ಅಂಗಲಾಚಿ ಬೇಡಿಕೊಳ್ಳುವಂತೆ ಮಾಡುವುದೂ ತಪ್ಪು.

ಮತ್ತು ಭಾರವನ್ನು ಹೊರಿಸುವವರು ಏನನ್ನು ಕೊಟ್ಟಿದ್ದಾರೆಂಬುದನ್ನೂ ನೋಡಬೇಕು. ಆಶಾ ಕಾರ್ಯಕರ್ತೆಯರು ಸರ್ಕಾರದ ನೌಕರರಲ್ಲ. ಗೌರವಧನವನ್ನು ಪಡೆಯುವ ಸ್ವಯಂಸೇವಕಿಯರೆಂದು ಅವರ ಹೆಸರು. ೨೦೨೦ರಲ್ಲಿ ಮನೆಮನೆಗೆ ಹೋಗಿ ಜ್ವರವನ್ನು ವಿಚಾರಿಸಿದವರು ಅವರು. ಬೆಂಗಳೂರಿನಲ್ಲಿ ಅವರ ಮೇಲೆ ಹಲ್ಲೆಯೂ ನಡೆಯಿತು. ಅದೇ ವರ್ಷ ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಿದ್ದಿ ಇಂಥ ಹಲ್ಲೆಗೆ ಕಠಿಣ ಶಿಕ್ಷೆಯನ್ನು ಗೊತ್ತುಮಾಡಿದರು. ಸೇವೆಯಲ್ಲಿ ತೀರಿಹೋದವರಿಗೆ ೫೦ ಲಕ್ಷ ರೂಪಾಯಿಗಳ ವಿಮೆಯನ್ನೂ ಏರ್ಪಡಿಸಿದರು. ಆದರೂ ಜುಲೈ ತಿಂಗಳಲ್ಲಿ ಕರ್ನಾಟಕದ ಸುಮಾರು ೪೨,೦೦೦ ಆಶಾ ಕಾರ್ಯಕರ್ತೆಯರು ತಿಂಗಳಿಗೆ ೧೨,೦೦೦ ರೂಪಾಯಿ ಗೌರವಧನವನ್ನೂ ರಕ್ಷಣೆಯ ಸಾಮಗ್ರಿಗಳನ್ನೂ ಕೇಳಿ ಕೆಲಸವನ್ನು ನಿಲ್ಲಿಸಬೇಕಾಯಿತು. ಸತ್ತ ಮೇಲೆ ಐವತ್ತು ಲಕ್ಷವನ್ನು ಕೊಡಲು ಒಪ್ಪುವ ಲೋಕವು ಬದುಕಿರುವಾಗ ಹನ್ನೆರಡು ಸಾವಿರಕ್ಕೆ ಹಿಂದೆಗೆಯುವುದು ವಿಚಿತ್ರವಾದ ಲೆಕ್ಕ. ಅದಲ್ಲದೆ ಅನೇಕ ಊರುಗಳಲ್ಲಿ ಮನೆಯ ಯಜಮಾನರು ಬಾಡಿಗೆಗಿದ್ದ ದಾದಿಯರನ್ನು ಬಿಟ್ಟುಹೋಗೆಂದರು. ಸಂಜೆಯಲ್ಲಿ ಚಪ್ಪಾಳೆ ತಟ್ಟಿದ ಕೈಗಳೇ ಬೆಳಿಗ್ಗೆ ಬಾಗಿಲನ್ನು ಮುಚ್ಚಿದವು.

ಮಾತಾಪಿತೃಗಳಿಗೂ, ಈಗ ಸಂಸಾರವಂದಿಗರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಸೂಚನೆ. ಮನೆಯಲ್ಲಿ ಇಂಥ ಕೆಲಸದವರು ಒಬ್ಬರಿದ್ದರೆ, ವಿಪತ್ತಿಲ್ಲದ ಒಂದು ಭಾನುವಾರ ಮಧ್ಯಾಹ್ನ ಕುಳಿತು ಕೆಲವು ಸಂಗತಿಗಳನ್ನು ಗೊತ್ತುಮಾಡಿಕೊಳ್ಳಿರಿ. ಕರೆ ಬಂದರೆ ಶಾಲೆಯಿಂದ ಮಗುವನ್ನು ಯಾರು ಕರೆತರುವರು, ಅಜ್ಜಿಯ ಸಕ್ಕರೆ ಖಾಯಿಲೆಯ ಔಷಧಿ ಎಲ್ಲಿದೆ, ಗಂಡಹೆಂಡಿರಿಬ್ಬರೂ ಅದೇ ವೃತ್ತಿಯವರಾದರೆ ಮೊದಲ ಸರದಿ ಯಾರದು ಎಂಬುದನ್ನು ಕಾಗದದ ಮೇಲೆ ಬರೆದು, ಒಂದು ಪ್ರತಿಯನ್ನು ಪಕ್ಕದ ಮನೆಯವರಿಗೂ ಮತ್ತೊಂದನ್ನು ನಮ್ಮ ಶಾಲೆಯ ಕಚೇರಿಗೂ ಕೊಡಿರಿ. ನಮ್ಮಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ತಂದೆತಾಯಿಗಳಲ್ಲದ ಮೂರನೆಯ ಒಬ್ಬರ ಹೆಸರನ್ನೂ ಬರೆದುಕೊಳ್ಳುವುದಕ್ಕೆ ರಿಜಿಸ್ಟರಿನಲ್ಲಿ ಸ್ಥಳವನ್ನು ಬಿಟ್ಟಿದ್ದೇವೆ.