ಕೊಟೇಶನ್ ಕಳಿಸುವ ಮುಂಚೆ

‘ನಮ್ಮ ಮಾಲು ಅತ್ಯುತ್ತಮ ಗುಣಮಟ್ಟದ್ದು, ದರವೂ ಸ್ಪರ್ಧಾತ್ಮಕ.’ ಬ್ಯಾಡಗಿಯ ವ್ಯಾಪಾರಿಯೊಬ್ಬರು ಮುಂಬೈಯ ಮಸಾಲೆ ಕಂಪನಿಗೆ ಹೀಗೆ ಬರೆದರೆ ಅಲ್ಲಿನ ಪರ್ಚೇಸ್ ಆಫೀಸರ್‌ಗೆ ಹೊಸದಾಗಿ ತಿಳಿದದ್ದು ಏನೂ ಇಲ್ಲ. ಎಲ್ಲರೂ ಅದನ್ನೇ ಬರೆಯುತ್ತಾರೆ. ಪತ್ರಕ್ಕೆ ತೂಕ ಬರುವುದು ಮುಂಚಿತವಾಗಿ ಮಾಡಿದ ವಿಚಾರಣೆಯಿಂದ. ಒಣಮೆಣಸಿನಕಾಯಿ ವ್ಯಾಪಾರವನ್ನೇ ಇಟ್ಟುಕೊಂಡು ಕೆಲವು ಸೂತ್ರಗಳು ಇಲ್ಲಿವೆ.

1. ಓದುವವರಿಗೆ ಬೇಕಾದ್ದೇನು, ಪತ್ತೆ ಮಾಡಿ. ಮೆಣಸಿನಕಾಯಿಯ ಸತ್ವ (ಓಲಿಯೊರೆಸಿನ್) ತೆಗೆಯುವ ಕಾರ್ಖಾನೆಯವರು ಬಣ್ಣದ ಅಳತೆ ಕೇಳುತ್ತಾರೆ, ಅಂದರೆ ಆಸ್ಟಾ ಎಷ್ಟು ಎಂದು. ಪುಡಿ ಮಾಡುವವರಿಗೆ ಖಾರ, ತೇವಾಂಶವೂ ಬೇಕು. ಸಾಲಕ್ಕೆಂದು ಬರೆಯುವುದಾದರೆ ಬ್ಯಾಂಕ್ ಮ್ಯಾನೇಜರ್‌ಗೆ ಇವು ಯಾವುವೂ ಬೇಡ. ಕೋಲ್ಡ್ ಸ್ಟೋರೇಜ್‌ನಲ್ಲಿ ಎಷ್ಟು ಚೀಲ ಇದೆ, ರಸೀದಿ ಯಾರ ಹೆಸರಲ್ಲಿದೆ ಹೇಳಿ ಸಾಕು.

2. ದರದ ಪಟ್ಟಿಯಲ್ಲಿ ಮೂರೂ ಅಂಕಣ ಓದಿ. ಅಗ್‌ಮಾರ್ಕ್‌ನೆಟ್‌ನಲ್ಲಾಗಲಿ, ಕೃಷಿ ಮಾರಾಟವಾಹಿನಿಯಲ್ಲಾಗಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ಹೆಚ್ಚಿನವರ ಕಣ್ಣು ಹೋಗುವುದು ಗರಿಷ್ಠದ ಮೇಲೆ. ಆದರೆ ಆ ದರ ಒಂದೇ ಒಂದು ಲಾಟಿಗೆ ಸಿಕ್ಕಿದ್ದಿರಬಹುದು. ಹೆಚ್ಚಿನ ಮಾಲು ಹೋದದ್ದು ಮಾದರಿ ದರದ ಆಸುಪಾಸಿನಲ್ಲಿ. ಪತ್ರದಲ್ಲಿ ಬರಬೇಕಾದ್ದು ಅದು. ಪಕ್ಕದಲ್ಲೇ ಆವಕ ಎಷ್ಟಿತ್ತು ನೋಡಿ. ಕಡ್ಡಿ, ಡಬ್ಬಿ, ಗುಂಟೂರು ತಳಿಗಳ ದರ ಕಲಸಿ ಸರಾಸರಿ ತೆಗೆದರೆ ಆ ಸಂಖ್ಯೆಗೆ ಮಾರುಕಟ್ಟೆಯಲ್ಲಿ ಯಾವ ಮಾಲೂ ಸಿಗದು. ದಿನಾಂಕ, ಮಾರುಕಟ್ಟೆ, ತಳಿ, ಕ್ವಿಂಟಲ್‌ಗೋ ಕಿಲೋಗೋ ಎಂಬುದು: ಈ ನಾಲ್ಕಿಲ್ಲದ ದರವನ್ನು ನಾನಂತೂ ದರ ಎನ್ನುವುದಿಲ್ಲ.

3. ಸುದ್ದಿಯ ಬುಡಕ್ಕೆ ಹೋಗಿ. ‘ಮೆಣಸಿನಕಾಯಿ ರಫ್ತು ಏರಿದೆ’ ಎಂದು ವಾಟ್ಸಾಪ್‌ನಲ್ಲಿ ಬಂತೇ? ಸ್ಪೈಸಸ್ ಬೋರ್ಡ್‌ನ ಅಂಕಿಅಂಶ ತೆರೆದು ನೋಡಿ. ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ದೇಶದ ಎಲ್ಲ ಮೆಣಸಿನಕಾಯಿಯದು. ಅದನ್ನು ಬ್ಯಾಡಗಿಯ ಲೆಕ್ಕ ಮಾಡಿಬಿಟ್ಟರೆ ಓದಿದವರು ಮುಂದಿನ ಸಾಲನ್ನೂ ನಂಬುವುದಿಲ್ಲ. ಏರಿದ್ದು ತೂಕವೋ, ಹಣವೋ ಎಂಬುದನ್ನೂ ನೋಡಿಕೊಳ್ಳಿ.

4. ಫೋನ್ ಎತ್ತಿ. ಕಾಗದದಲ್ಲಿಲ್ಲದ್ದು ದಲಾಲರ ಅಂಗಡಿಯಲ್ಲಿರುತ್ತದೆ. ‘ಏನ್ರೀ, ದರ ಹೆಂಗೈತಿ?’ ಎಂದರೆ ‘ಚಲೋ ಐತ್ರಿ’ ಎನ್ನುವ ಉತ್ತರ ಬರುತ್ತದೆ, ಅಷ್ಟೇ. ‘ಹಳೇ ಸ್ಟಾಕ್ ಹೊರಗ ಬರಾಕತ್ತೈತೇನ್ರೀ?’ ಎಂದು ಕೇಳಿ, ಮಾತು ಬಿಚ್ಚಿಕೊಳ್ಳುತ್ತದೆ. ಮಾರಿಸುವವರನ್ನು ಕೇಳಿದ ಮೇಲೆ ಕೊಳ್ಳುವವರನ್ನೂ ಕೇಳಿ. ಇಬ್ಬರ ಲಾಭ ಬೇರೆ ಬೇರೆ.

5. ಎದುರಿನ ಪಾರ್ಟಿ ಯಾರು, ನೋಡಿ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡು ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ನೋಂದಣಿ ಚಾಲ್ತಿಯಲ್ಲಿದೆಯೋ, ರದ್ದಾಗಿದೆಯೋ ಎಂಬುದು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪುಕ್ಕಟೆ ಸಿಗುತ್ತದೆ.

6. ಎಐಗೆ ಪತ್ರ ತಿದ್ದಲು ಕೊಡಿ, ಅಂಕಿ ಕೇಳಬೇಡಿ.

7. ಹೆಮ್ಮೆಯ ಮಾತನ್ನೂ ಪರೀಕ್ಷಿಸಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ನಿಜ. ಹಾಗೆಂದು ಊರಲ್ಲಿ ಅಂಗಡಿ ಇದ್ದವರೆಲ್ಲ ಲೆಟರ್‌ಹೆಡ್‌ನಲ್ಲಿ ಜಿಐ ಗುರುತು ಅಚ್ಚು ಹಾಕಿಸುವಂತಿಲ್ಲ; ಅಧಿಕೃತ ಬಳಕೆದಾರರೆಂದು ನೋಂದಣಿ ಬೇಕು.

8. ಹುಡುಕಿದ್ದೆಲ್ಲ ಪತ್ರಕ್ಕೆ ಬೇಡ. ಒಂದು ಪುಟ ಸಾಕು, ಉಳಿದದ್ದು ಫೈಲ್‌ನಲ್ಲಿರಲಿ, ಅವರು ಕೇಳಿದಾಗ ತಕ್ಷಣ ಕೈಗೆ ಸಿಗುವಂತೆ. ಲ್ಯಾಬ್ ವರದಿಯನ್ನು ಮಾತ್ರ ತಪ್ಪದೆ ಲಗತ್ತಿಸಿ, ಸ್ಯಾಂಪಲ್ ತೆಗೆದ ದಿನಾಂಕವನ್ನು ಎದ್ದು ಕಾಣುವಂತೆ ಬರೆಯಿರಿ. ಇಟ್ಟಷ್ಟೂ ಕಾಯಿಯ ಬಣ್ಣ ಇಳಿಯುತ್ತದೆ. ಹೋದ ಸುಗ್ಗಿಯ ಆಸ್ಟಾ ನಂಬಿ ಈ ಸಲ ಯಾರೂ ಆರ್ಡರ್ ಕೊಡುವುದಿಲ್ಲ.