ಗಣಕದ ನೋಟೀಸು ಬೋರ್ಡು ಮತ್ತು ಕನ್ನಡದ ಅಕ್ಷರ

ಕಾಲೇಜಿನ ನೋಟೀಸು ಬೋರ್ಡಿನ ಮುಂದೆ ನಿಲ್ಲದ ವಿದ್ಯಾರ್ಥಿ ಇರಲಾರನು. ಆದರೆ ಅದಕ್ಕೆ ಗಾಜಿನ ಬಾಗಿಲುಂಟು, ಬಾಗಿಲಿಗೆ ಬೀಗವುಂಟು, ಬೀಗದಕೈ ಕಚೇರಿಯಲ್ಲಿರುತ್ತದೆ. ಓದುವವನಿಗೆ ಬರೆಯುವ ಅಧಿಕಾರವಿಲ್ಲ. ದೂರವಾಣಿಯ ಮೂಲಕ ಕರೆ ಮಾಡಿ ಓದುವವನೇ ಬರೆಯಬಹುದಾದಂತಹ ಒಂದು ಬೋರ್ಡನ್ನು ಗಣಕಯಂತ್ರದಲ್ಲಿ ಮೊದಲು ಕಟ್ಟಿದವರು ಅಮೆರಿಕದ ಷಿಕಾಗೋ ನಗರದ ಇಬ್ಬರು ಹವ್ಯಾಸಿಗಳು, ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ್‍ಯಾಂಡಿ ಸೂಸ್. ೧೯೭೮ರ ಜನವರಿಯಲ್ಲಿ ಆ ಊರಿನಲ್ಲಿ ಭಾರಿ ಹಿಮ ಬಿದ್ದು ಜನ ಮನೆಯಿಂದ ಹೊರಡುವಂತಿರಲಿಲ್ಲ. ಆ ಬಿಡುವಿನಲ್ಲಿ ಕ್ರಿಸ್ಟೆನ್ಸನ್ ತಂತ್ರಾಂಶವನ್ನು ಬರೆದರು, ಸೂಸ್ ಯಂತ್ರವನ್ನು ಜೋಡಿಸಿದರು. ಫೆಬ್ರವರಿ ೧೬ರಂದು ಅದು ಕೆಲಸ ಆರಂಭಿಸಿತು. ಇಂತಹ ವ್ಯವಸ್ಥೆಗಳಿಗೆ ‘ಬುಲೆಟಿನ್ ಬೋರ್ಡ್’ ಎಂಬ ಹೆಸರು ನಿಂತಿತು.

ಇದರ ಕ್ರಮ ಸುಲಭವಾದುದು. ರಿಚರ್ಡ್ಸ್ ಟೌನಿನ ಒಂದು ಮನೆಯಲ್ಲಿ ಇಂತಹ ಬೋರ್ಡು ಇದೆಯೆಂದು ಭಾವಿಸೋಣ. ಹಲಸೂರಿನವನೊಬ್ಬನು ತನ್ನ ಗಣಕವನ್ನು ಮೋಡೆಮ್ ಎಂಬ ಉಪಕರಣದ ಮೂಲಕ ದೂರವಾಣಿಗೆ ಜೋಡಿಸಿ ಆ ಮನೆಯ ಸಂಖ್ಯೆಗೆ ಕರೆ ಮಾಡುತ್ತಾನೆ. ಅಲ್ಲಿನ ಗಣಕವೇ ಕರೆಯನ್ನು ಎತ್ತಿಕೊಂಡು, ಹೆಸರು ಕೇಳಿ, ಇತರರು ಬಿಟ್ಟುಹೋದ ಪತ್ರಗಳನ್ನು ತೋರಿಸುತ್ತದೆ. ಅವನು ಉತ್ತರ ಬರೆದು ಕರೆಯನ್ನು ಮುಗಿಸುವ ತನಕ ಶಿವಾಜಿನಗರದವನು ಕಾಯಬೇಕು, ಏಕೆಂದರೆ ಮನೆಗೆ ಇರುವುದು ಒಂದೇ ತಂತಿ!

ಇದು ಬರಿಯ ಕಲ್ಪನೆಯೇನೂ ಅಲ್ಲ. ೧೯೮೦ರ ದಶಕದ ಕೊನೆಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಅತುಲ್ ಚಿಟ್ನಿಸ್ ಎಂಬವರು ಸಿ.ಐ.ಎಕ್ಸ್. ಎಂಬ ಬೋರ್ಡನ್ನು ನಡೆಸತೊಡಗಿದರು. ೧೯೯೦ರ ದಶಕದ ನಡುವೆ ಸರ್ಕಾರ ಇಂತಹ ಬೋರ್ಡುಗಳ ಮೇಲೆ ಲಕ್ಷಗಟ್ಟಲೆ ರೂಪಾಯಿಯ ವಾರ್ಷಿಕ ಶುಲ್ಕವನ್ನು ಹೇರಹೊರಟಿತು. ಹವ್ಯಾಸಿಗಳ ಪಾಲಿಗೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇ ಸರಿ. ೧೯೯೫ರ ಆಗಸ್ಟ್ ೧೫ರಂದು ಅಂತರಜಾಲ ಸಾರ್ವಜನಿಕರಿಗೆ ದೊರೆತ ಮೇಲೆ ಬೋರ್ಡುಗಳ ಸಂಖ್ಯೆ ಇಳಿಯಿತು. ಚಿಟ್ನಿಸ್ ಅವರು ಮುಕ್ತ ತಂತ್ರಾಂಶದ ಪ್ರಚಾರಕ್ಕೆ ತಿರುಗಿ, ೨೦೦೧ರಿಂದ ಈ ನಗರದಲ್ಲಿ ಅದರ ಸಮ್ಮೇಳನಗಳನ್ನು ಮುಂದೆ ನಿಂತು ನಡೆಸಿದರು. ೨೦೧೩ರಲ್ಲಿ ತೀರಿಕೊಂಡರು. ಬೋರ್ಡಿನಿಂದ ಮುಕ್ತ ತಂತ್ರಾಂಶಕ್ಕೆ ಅವರು ಬಂದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಆ ಎರಡಕ್ಕೂ ಇರುವ ನಂಟನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸಬಹುದು. ಕಲಾ ವಿದ್ಯಾರ್ಥಿಗಳಾದ ನಾವು ಹೆದರಬೇಕಾಗಿಲ್ಲ. ಕೂಡುವುದು ಬಂದರೆ ಸಾಕು.

ದೂರವಾಣಿಯ ತಂತಿಯಲ್ಲಿ ಗದ್ದಲವಿರುತ್ತದೆ. ಕಳುಹಿಸಿದುದು ಸರಿಯಾಗಿ ತಲುಪಿತೆಂದು ತಿಳಿಯುವುದು ಹೇಗೆ? ಕ್ರಿಸ್ಟೆನ್ಸನ್ ಅವರು ೧೯೭೭ರಲ್ಲಿಯೇ ಇದಕ್ಕೊಂದು ಉಪಾಯ ಮಾಡಿದ್ದರು; ಅದು ಎಕ್ಸ್‌ಮೋಡೆಮ್ ಎಂದು ಪ್ರಸಿದ್ಧವಾಯಿತು. ಗಣಕದಲ್ಲಿ ಪ್ರತಿಯೊಂದು ಬರಹವೂ ಬೈಟ್ ಎಂಬ, ೦ಯಿಂದ ೨೫೫ರವರೆಗಿನ ಅಂಕಿಗಳ ಸಾಲು. ಅದನ್ನು ೧೨೮ ಬೈಟ್‌ಗಳ ಕಟ್ಟುಗಳಾಗಿ ಒಡೆದು, ಪ್ರತಿ ಕಟ್ಟಿನ ಕೊನೆಗೆ ಆ ೧೨೮ ಅಂಕಿಗಳ ಮೊತ್ತವನ್ನು ೨೫೬ರಿಂದ ಭಾಗಿಸಿ ಬಂದ ಶೇಷವನ್ನು ಇಡುವುದು. ಪಡೆದ ಗಣಕವೂ ಕೂಡಿ ನೋಡುತ್ತದೆ. ತಾಳೆಯಾದರೆ ೬ ಎಂಬ ಅಂಕಿಯನ್ನು ಮರಳಿ ಕಳುಹಿಸುತ್ತದೆ. ತಾಳೆಯಾಗದಿದ್ದರೆ ೨೧ನ್ನು, ಅಂದರೆ ‘ಮತ್ತೆ ಕಳುಹಿಸು’ ಎಂದು.

ಈಗ ‘ಸರ’ ಎಂಬ ಪದವನ್ನು ಕಳುಹಿಸೋಣ. ಇಂದು ಬಳಕೆಯಲ್ಲಿರುವ ಯು.ಟಿ.ಎಫ್.-೮ ಪದ್ಧತಿಯಲ್ಲಿ ಸ ಎಂದರೆ ೨೨೪, ೧೭೮, ೧೮೪. ರ ಎಂದರೆ ೨೨೪, ೧೭೮, ೧೭೬. ಒಟ್ಟು ಮೊತ್ತ ೧೧೬೪, ಶೇಷ ೧೪೦. ತಂತಿಯ ಗದ್ದಲದಿಂದ ೧೮೪ರಲ್ಲಿ ಎಂಟು ಕಳೆದು, ೧೭೬ರಲ್ಲಿ ಎಂಟು ಕೂಡಿಕೊಂಡಿತೆನ್ನಿ. ಶೇಷ ಆಗಲೂ ೧೪೦. ಪಡೆದ ಗಣಕ ತೃಪ್ತಿಯಿಂದ ೬ ಎನ್ನುತ್ತದೆ, ಆದರೆ ಓದುಗನ ಮುಂದೆ ಇರುವುದು ‘ರಸ’! ಚಿನ್ನದ ಸರವನ್ನು ಕೇಳಿದವನಿಗೆ ಚಿನ್ನದ ರಸ ದೊರೆಯಿತು.

ಇಂತಹ ಕುಂದು ಇದ್ದರೂ ಎಕ್ಸ್‌ಮೋಡೆಮ್ ಬಾಳಿತು. ಕಾರಣವಿಷ್ಟೆ: ಕ್ರಿಸ್ಟೆನ್ಸನ್ ತಮ್ಮ ತಂತ್ರಾಂಶದ ಮೂಲಬರಹವನ್ನು ಹವ್ಯಾಸಿಗಳಿಗೆ ಧರ್ಮಾರ್ಥವಾಗಿ ಬಿಟ್ಟುಕೊಟ್ಟಿದ್ದರು. ಅದನ್ನು ಓದಿದವರು ಕುಂದನ್ನು ಕಂಡರು. ಕೂಡುವುದರ ಬದಲು, ಅಂಕಿ ಯಾವ ಸ್ಥಾನದಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವ ಒಂದು ಬಗೆಯ ಭಾಗಾಕಾರವನ್ನು ಸೇರಿಸಿದರು. ಅದರಲ್ಲಿ ಸರ ರಸವಾದರೆ ಸಿಕ್ಕಿಬೀಳುತ್ತದೆ. ಬಳಿಕ ಚಕ್ ಫೋರ್ಸ್‌ಬರ್ಗ್ ಎಂಬವರು ಇನ್ನೂ ವೇಗದ ಜೆಡ್‌ಮೋಡೆಮನ್ನು ರಚಿಸಿದರು. ಮೂಲಬರಹವನ್ನು ಓದುವ, ತಿದ್ದುವ, ತಿದ್ದಿದುದನ್ನು ಹಂಚುವ ಹಕ್ಕನ್ನು ಎಲ್ಲರಿಗೂ ಕೊಡುವ ತಂತ್ರಾಂಶವೇ ಮುಕ್ತ ತಂತ್ರಾಂಶ. ಬೋರ್ಡನ್ನು ನಡೆಸುವ ಸಿಂಕ್ರೊನೆಟ್ ಎಂಬ ತಂತ್ರಾಂಶ ಇಂದು ಹಾಗೆ ಮುಕ್ತವಾಗಿದೆ. ೧೯೮೦ರ ದಶಕದ ಡಬ್ಲ್ಯು.ಡಬ್ಲ್ಯು.ಐ.ವಿ. ಎಂಬುದರ ಮೂಲಬರಹ ಒಂದು ಕಾಲದಲ್ಲಿ ಹಣ ಕೊಟ್ಟು ನೋಂದಾಯಿಸಿಕೊಂಡವರಿಗೆ ಮಾತ್ರ ದೊರೆಯುತ್ತಿತ್ತು. ಈಗ ಎಲ್ಲರಿಗೂ ದೊರೆಯುತ್ತದೆ. ಇಂದಿನ ಬೋರ್ಡುಗಳಿಗೆ ದೂರವಾಣಿ ಬೇಕಿಲ್ಲ, ಅಂತರಜಾಲದ ಮೂಲಕವೇ ಹೋಗಬಹುದು. ಒಂದು ಹಳೆಯ ಗಣಕದಲ್ಲಿಯೂ ಅವನ್ನು ನಡೆಸಬಹುದು.

ಆದರೆ ಅಲ್ಲಿ ಕನ್ನಡದ ಗತಿಯೇನು? ಇದೇ ನನ್ನ ಮುಖ್ಯ ವಿಷಯ. ಅತಿ ಹಳೆಯ ತಂತ್ರಾಂಶಗಳು ೧೨೭ಕ್ಕಿಂತ ದೊಡ್ಡ ಅಂಕಿಯನ್ನು ಅರಿಯವು. ಬಂದರೆ ಅದರಿಂದ ೧೨೮ನ್ನು ಕಳೆದುಬಿಡುತ್ತವೆ. ಕ ಎಂದರೆ ೨೨೪, ೧೭೮, ೧೪೯. ಕಳೆದರೆ ಉಳಿಯುವುದು ೯೬, ೫೦, ೨೧. ಮೊದಲನೆಯದು ಒಂದು ಉದ್ಧರಣ ಚಿಹ್ನೆ, ಎರಡನೆಯದು ಇಂಗ್ಲಿಷಿನ ಎರಡು ಎಂಬ ಅಂಕಿ. ಮೂರನೆಯದಾದ ೨೧ ಅನೇಕ ಗಣಕಗಳಲ್ಲಿ ‘ಬರೆದ ಸಾಲನ್ನು ಅಳಿಸು’ ಎಂಬ ಆಜ್ಞೆ. ಕನ್ನಡದ ಕ ಬರೆದವನ ಸಾಲೇ ಮಾಯ! ತರುವಾಯದ ತಂತ್ರಾಂಶಗಳು ೨೫೫ರವರೆಗೂ ಒಪ್ಪಿದವು, ಆದರೆ ಐ.ಬಿ.ಎಂ. ಗಣಕದ ಚಿಹ್ನೆಗಳ ಪಟ್ಟಿಯಂತೆ. ಅದರಲ್ಲಿ ನಮ್ಮ ಕ ಗ್ರೀಕಿನ ಆಲ್ಫಾ, ಒಂದು ಚುಕ್ಕೆಗಳ ಚೌಕ, ನೆತ್ತಿಯ ಮೇಲೆ ಗೆರೆಯುಳ್ಳ ಒಂದು ‘ಓ’ ಆಗಿ ಕಾಣಿಸುತ್ತದೆ.

ಸಾಲು ಮುರಿಯುವುದು ಇನ್ನೂ ತೊಡಕಿನ ಸಂಗತಿ. ಹಳೆಯ ತೆರೆಯಲ್ಲಿ ಸಾಲಿಗೆ ೮೦ ಸ್ಥಾನ. ಬೈಟಿಗೆ ಒಂದು ಸ್ಥಾನವೆಂದು ಎಣಿಸಿದರೆ ‘ಕ’ದಂತಹ ೨೬ ಅಕ್ಷರಗಳಿಗೆ ೭೮ ತುಂಬುತ್ತದೆ; ೨೭ನೆಯದರ ಎರಡು ಬೈಟ್ ಈ ಸಾಲಿಗೆ, ಒಂದು ಬೈಟ್ ಮುಂದಿನ ಸಾಲಿಗೆ ಹೋಗಿ ಅಕ್ಷರವೇ ನಾಶವಾಗುತ್ತದೆ. ಇದನ್ನು ತಡೆಯುವ ನಿಯಮ ಸರಳ: ೧೨೮ರಿಂದ ೧೯೧ರವರೆಗಿನ ಬೈಟಿನ ಮುಂಚೆ ಸಾಲನ್ನು ಮುರಿಯಬಾರದು, ಏಕೆಂದರೆ ಅದು ಹಿಂದಿನದರ ಬಾಲ. ಆದರೆ ಇಷ್ಟರಿಂದ ಸಾಲದು. ‘ಕನ್ನಡ’ ಎಂಬುದರಲ್ಲಿ ೧೫ ಬೈಟ್‌ಗಳಿವೆ, ೫ ಸಂಕೇತಗಳಿವೆ, ಅಕ್ಷರಗಳು ಮೂರೇ. ಮೇಲಿನ ನಿಯಮವನ್ನು ಪಾಲಿಸಿಯೂ ‘ಕನ್’ ಒಂದು ಸಾಲಿಗೆ, ‘ನಡ’ ಇನ್ನೊಂದಕ್ಕೆ ಬೀಳಬಹುದು. ಆದ್ದರಿಂದ ವಿರಾಮಚಿಹ್ನೆಯ ಬಳಿಕ ವ್ಯಂಜನ ಬಂದರೆ ನಡುವೆ ಮುರಿಯಬಾರದು. ಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗಗಳ ಮುಂಚೆಯೂ ಮುರಿಯಬಾರದು. ಇದು ಛಂದಸ್ಸಿನ ತರಗತಿಯಲ್ಲಿ ಅಕ್ಷರ ಎಣಿಸಿದ ಯಾರಿಗೂ ಹೊಸದಲ್ಲ. ಕ್ಯಾಲಿಫೋರ್ನಿಯದಲ್ಲಿ ಕುಳಿತು ತಂತ್ರಾಂಶ ಬರೆಯುವವರಿಗೆ ಮಾತ್ರ ಇದು ತಾನಾಗಿ ಹೊಳೆಯುವಂತಹುದಲ್ಲ.

ಹೀಗಿರುವಾಗ ನಮ್ಮ ಕೆಲಸ ಗಣಕವಿಜ್ಞಾನದ ವಿದ್ಯಾರ್ಥಿಗಳ ಪಾಲಿನದು ಮಾತ್ರವಲ್ಲ. ಒತ್ತಕ್ಷರ, ಗುಣಿತ, ಅನುಸ್ವಾರಗಳುಳ್ಳ ನೂರು ಪದಗಳನ್ನು ಆರಿಸಿ, ಪ್ರತಿಯೊಂದನ್ನೂ ಎಲ್ಲೆಲ್ಲಿ ಮುರಿಯಬಹುದು, ಎಲ್ಲೆಲ್ಲಿ ಕೂಡದು ಎಂದು ಗುರುತು ಹಾಕಬೇಕು. ‘ಸ್ವಾತಂತ್ರ್ಯ’ದಂತಹ ಪದಗಳು ಮೊದಲು ಬರಲಿ, ಅದರ ಮೂರನೆಯ ಅಕ್ಷರ ಒಂದರಲ್ಲಿಯೇ ಐದು ಸಂಕೇತಗಳಿವೆ. ತಂತ್ರಾಂಶ ಬಲ್ಲವನೊಬ್ಬನು ಆ ಪಟ್ಟಿಯನ್ನು ಬೋರ್ಡಿನ ಮೇಲೆ ಓಡಿಸಿ, ತಪ್ಪಿದ ಪದಗಳನ್ನೂ ತಾನು ಮಾಡಿದ ತಿದ್ದುಪಡಿಯನ್ನೂ ಮೂಲದವರಿಗೆ ಕಳುಹಿಸಿದರಾಯಿತು. ಪಟ್ಟಿಯ ಮೊದಲ ಮೂವತ್ತು ಪದಗಳು ಸಿದ್ಧವಾಗಿವೆ. ಉಳಿದ ಎಪ್ಪತ್ತಕ್ಕೆ ಕನ್ನಡ ಐಚ್ಛಿಕ ವಿಷಯದ ಗೆಳೆಯರು ಬೇಕಾಗಿದ್ದಾರೆ.