ಮುಪ್ಪಿಗೆ ಬಳಗವೇ ಬಲ



ವಯಸ್ಸಾದವರ ಆರೋಗ್ಯವೆಂದರೆ ನಾವು ಔಷಧ, ಪಥ್ಯ, ದವಾಖಾನೆ ಎಂದಷ್ಟೇ ತಿಳಿಯುತ್ತೇವೆ. ದಿನಕ್ಕೆ ಎಷ್ಟು ಜನ ಅವರೊಡನೆ ಮಾತನಾಡಿದರು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು. ಅಮೆರಿಕದಲ್ಲಿ 60 ದಾಟಿದ 1,604 ಜನರನ್ನು ಆರು ವರ್ಷ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಸ್ನಾನ, ಉಡುಗೆ, ಊಟ, ಹಾಸಿಗೆಯಿಂದ ಏಳುವುದು ಮುಂತಾದ ನಿತ್ಯದ ಕೆಲಸಗಳಲ್ಲಿ ಹಿಂದೆ ಬಿದ್ದವರು ಒಂಟಿತನ ಹೇಳಿಕೊಂಡವರಲ್ಲಿ ನೂರಕ್ಕೆ ಸುಮಾರು 25, ಉಳಿದವರಲ್ಲಿ ಅದರ ಅರ್ಧದಷ್ಟು. ಕಾಯಿಲೆಯಿಂದಲೇ ಜನ ಒಂಟಿಯಾಗಿರಬಹುದಲ್ಲ ಎಂದು ನೀವು ಕೇಳಬಹುದು. ಮೊದಲೇ ಇದ್ದ ರೋಗಗಳನ್ನು ಗಣನೆಗೆ ತೆಗೆದುಕೊಂಡ ಮೇಲೂ ಅಂತರ ಉಳಿಯಿತು.

ಅದರಲ್ಲಿ ಇನ್ನೊಂದು ಅಂಕಿ ಇದೆ. ಒಂಟಿತನ ಹೇಳಿದವರು ನೂರಕ್ಕೆ 43. ಒಬ್ಬರೇ ವಾಸವಿದ್ದವರು 18 ಮಾತ್ರ. ಅಂದರೆ ಮಕ್ಕಳು, ಸೊಸೆಯಂದಿರು ಇರುವ ಮನೆಯ ಪಡಸಾಲೆಯಲ್ಲೇ ಹಿರಿಯರು ಒಂಟಿಯಾಗಿರಬಲ್ಲರು.

ಜತ್ತ, ಅಕ್ಕಲಕೋಟೆ ಕಡೆಯ ನಮ್ಮ ಮನೆಗಳಲ್ಲಿ ಇದಕ್ಕೊಂದು ವಿಶೇಷ ಕಾರಣವೂ ಉಂಟು. ಮೊಮ್ಮಕ್ಕಳು ಮರಾಠಿ ಇಲ್ಲವೆ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಅದು ತಪ್ಪಲ್ಲ, ಹೊಟ್ಟೆಪಾಡಿಗೆ ಬೇಕು. ಆದರೆ ಮನೆಯೊಳಗೂ ಕನ್ನಡ ನಿಂತರೆ ಅಜ್ಜಿಯ ಮಾತೂ ನಿಲ್ಲುತ್ತದೆ. ಮಗನ ಹಿಂದೆ ಪುಣೆಗೆ ಹೋದ ಅಜ್ಜಿಗಂತೂ ಮಾತಿಗೆ ನೆರೆಯವರೂ ಇಲ್ಲ.

ಬಳಗವಿದ್ದರೆ ದೇಹಕ್ಕೇನು ಲಾಭ? ಮಠಕ್ಕೆ, ಸಂತೆಗೆ, ಗೆಳೆಯನ ಕಟ್ಟೆಗೆ ಹೋಗಬೇಕೆಂದೇ ಕಾಲು ನಡೆಯುತ್ತದೆ. ನಡೆಯದ ಕಾಲಿನ ಸ್ನಾಯು ಮುಪ್ಪಿನಲ್ಲಿ ಬೇಗ ಕರಗುತ್ತದೆ, ಆಮೇಲೆ ಬೀಳುವ ಭಯ. ಜೊತೆಗೆ ಕೂತು ಉಂಡರೆ ನಾಲ್ಕು ತುತ್ತು ಹೆಚ್ಚು ಸೇರುತ್ತದೆ. ಮಾತ್ರೆ ತಪ್ಪಿದ್ದನ್ನು, ಮುಖ ಬಾಡಿದ್ದನ್ನು ಯಾರಾದರೂ ಗುರುತಿಸುತ್ತಾರೆ.

ಪ್ರೀತಿಯಿಂದಲೇ ನಾವು ಮಾಡುವ ಒಂದು ಕೆಲಸ ನನಗೆ ಸರಿ ಕಾಣುವುದಿಲ್ಲ. “ಇನ್ನು ನೀವು ಸುಮ್ಮನೆ ಕೂಡ್ರಿ” ಎಂದು ಅಪ್ಪನನ್ನು ಅಂಗಡಿಯ ಗಾದಿಯಿಂದ, ಹೊಲದ ದಾರಿಯಿಂದ ಬಿಡಿಸುತ್ತೇವೆ. ಕಾಯಕ ಹೇಳಿಕೊಟ್ಟ ಬಸವಣ್ಣನವರು ಅದಕ್ಕೆ ನಿವೃತ್ತಿಯ ವಯಸ್ಸು ಇಟ್ಟಿಲ್ಲ! ಭಾರದ ಚೀಲ ಎತ್ತಿಸಬೇಡಿ. ಗಿರಾಕಿಯೊಡನೆ ಮಾತು, ಉದ್ರಿ ವಹಿ ನೋಡುವುದು, ದನಕ್ಕೆ ನೀರು ತೋರಿಸುವುದು ಅವರಿಗೇ ಇರಲಿ. ಮಠದ ದಾಸೋಹದಲ್ಲಿ ಕಾಯಿಪಲ್ಯೆ ಸೋಸುವ ಕೆಲಸಕ್ಕೂ ಹಿರಿಯರು ಬರಬಹುದು; ಕರೆತಂದು ಬಿಡುವ ಹೊಣೆ ಮನೆಯ ಹುಡುಗರದು.

ಕಿವಿ ಮಂದವಾದ ಹಿರಿಯರು ತಾವಾಗಿಯೇ ಮಾತಿನಿಂದ ಹಿಂದೆ ಸರಿಯುತ್ತಾರೆ, ನಾವು ಅದನ್ನು ಮುನಿಸು ಎನ್ನುತ್ತೇವೆ. ಮೊದಲು ಕಿವಿಯ ಡಾಕ್ಟರರಿಗೆ ತೋರಿಸಿರಿ. ಕೆಲವರಿಗೆ ಕಿವಿಯ ಗುಗ್ಗೆ ತೆಗೆದರೇ ಸಾಕಾಗುತ್ತದೆ.